ಜಿಆರ್‌ಇ ಗಣಿತದಲ್ಲಿ ಎಡವಿಸುವ ಲೆಕ್ಕಗಳು: ಅಭ್ಯಾಸ ಹೇಗಿರಬೇಕು?

ಜಿಆರ್‌ಇ ಪರೀಕ್ಷೆಯ ಗಣಿತದಲ್ಲಿ ಹೈಸ್ಕೂಲಿನ ಪಾಠಗಳನ್ನು ಮೀರಿದ್ದು ಹೆಚ್ಚೇನೂ ಇಲ್ಲ. ಅಂಕಗಣಿತ, ಬೀಜಗಣಿತ, ರೇಖಾಗಣಿತ, ದತ್ತಾಂಶ ವಿಶ್ಲೇಷಣೆ – ಇಷ್ಟರೊಳಗೇ ಎಲ್ಲ ಪ್ರಶ್ನೆಗಳೂ ಬರುತ್ತವೆ. ತ್ರಿಕೋನಮಿತಿಯೂ ಇಲ್ಲ, ಕಲನಶಾಸ್ತ್ರವೂ ಇಲ್ಲ. ಹಾಗಿದ್ದೂ ಎಂಜಿನಿಯರಿಂಗ್ ಮುಗಿಸಿ ಅಮೆರಿಕದಲ್ಲಿ ಎಂ.ಎಸ್. ಮಾಡಲು ಹೊರಟ ವಿದ್ಯಾರ್ಥಿಗಳು ಈ ವಿಭಾಗದಲ್ಲಿ ಎಡವುತ್ತಾರೆ. ಉದ್ದನೆಯ ಲೆಕ್ಕಗಳಿಗಿಂತ ಹೆಚ್ಚಾಗಿ ಅವರು ತಪ್ಪುವುದು, ನೋಡಿದ ತಕ್ಷಣ ಉತ್ತರ ಹೊಳೆದುಬಿಡುವ ಎರಡು ಸಾಲಿನ ಲೆಕ್ಕಗಳಲ್ಲಿ.

ಈ ಪರೀಕ್ಷೆ ಶುರುವಾದದ್ದು 1930ರ ದಶಕದಲ್ಲಿ, ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳ ಪ್ರಯೋಗವಾಗಿ. ಈಗ ಅದನ್ನು ನಡೆಸುವುದು ಇಟಿಎಸ್ ಸಂಸ್ಥೆ. 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆ ಚಿಕ್ಕದಾಗಿದ್ದು, ಒಟ್ಟು ಅವಧಿ 1 ಗಂಟೆ 58 ನಿಮಿಷ. ಗಣಿತಕ್ಕೆ ಎರಡು ಭಾಗ: ಮೊದಲನೆಯದರಲ್ಲಿ 21 ನಿಮಿಷಕ್ಕೆ 12 ಪ್ರಶ್ನೆ, ಎರಡನೆಯದರಲ್ಲಿ 26 ನಿಮಿಷಕ್ಕೆ 15 ಪ್ರಶ್ನೆ. ಮೊದಲ ಭಾಗವನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ಎಂಬುದರ ಮೇಲೆ ಎರಡನೆಯ ಭಾಗದ ಕಷ್ಟ ನಿಗದಿಯಾಗುತ್ತದೆ. ಅಂಕ 130ರಿಂದ 170ರವರೆಗೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಸರಾಸರಿ ಒಂದು ಪ್ರಶ್ನೆಗೆ 104 ಸೆಕೆಂಡು ಸಿಗುತ್ತದೆ. ಕರ್ನಾಟಕದ ಸಿಇಟಿ ಬರೆದವರಿಗೆ ಇದು ಧಾರಾಳ ಎನ್ನಿಸಬಹುದು. ಅಲ್ಲಿ 80 ನಿಮಿಷಕ್ಕೆ 60 ಲೆಕ್ಕ. ಆದರೆ ಸಿಇಟಿಯಲ್ಲಿ ಸೂತ್ರ ನೆನಪಿದ್ದವರಿಗೆ ದಾರಿ ಬಹುಪಾಲು ತೆರೆದೇ ಇರುತ್ತದೆ. ಜಿಆರ್‌ಇ ಕೇಳುವುದು ಬೇರೆಯೇ ಕೌಶಲ. ಪ್ರಶ್ನೆಯಲ್ಲಿ ಏನು ಹೇಳಿದೆ, ಏನು ಹೇಳಿಲ್ಲ ಎಂಬುದನ್ನು ಬೇರ್ಪಡಿಸಲು ಬರುತ್ತದೆಯೇ ಎಂದು ಅದು ನೋಡುತ್ತದೆ. ಸಂಖ್ಯೆ ಎಂದರೆ ಪೂರ್ಣಾಂಕ ಎಂದುಕೊಳ್ಳುವುದು, ಅಕ್ಷರ ಕಂಡರೆ ಅದು ಧನಸಂಖ್ಯೆ ಎಂದುಕೊಳ್ಳುವುದು, ಚಿತ್ರದಲ್ಲಿ ಲಂಬವಾಗಿ ಕಾಣುವ ಕೋನ 90 ಡಿಗ್ರಿಯೇ ಎಂದುಕೊಳ್ಳುವುದು – ಹೀಗೆ ಲೆಕ್ಕ ಕೊಡದ ಮಾಹಿತಿಯನ್ನು ಬಿಡಿಸುವವರೇ ಅರಿವಿಲ್ಲದೆ ಸೇರಿಸಿಬಿಡುತ್ತಾರೆ. ಎಡವಿಸುವ ಲೆಕ್ಕಗಳಲ್ಲಿ ಹೆಚ್ಚಿನವು ಈ ಅಭ್ಯಾಸವನ್ನೇ ಗುರಿಯಿಟ್ಟು ಕಟ್ಟಿದವು. ಆದ್ದರಿಂದ ಸಾವಿರ ಲೆಕ್ಕ ಬಿಡಿಸಿದರೂ, ತಾನು ಸೇರಿಸಿದ್ದು ಏನು ಎಂದು ಪ್ರತಿ ಸಲವೂ ಹುಡುಕದಿದ್ದರೆ ಅಂಕ ಏರುವುದಿಲ್ಲ.

ಹೋಲಿಕೆಯ ಪ್ರಶ್ನೆಗಳು

ಜಿಆರ್‌ಇಗೆ ವಿಶಿಷ್ಟವಾದ ಬಗೆ ಎಂದರೆ ‘ಕ್ವಾಂಟಿಟೇಟಿವ್ ಕಂಪ್ಯಾರಿಸನ್’. ಎರಡು ಪರಿಮಾಣಗಳನ್ನು ಕೊಟ್ಟು ಹೋಲಿಸಲು ಹೇಳುತ್ತಾರೆ. ನಾಲ್ಕು ಆಯ್ಕೆಗಳು ಎಂದಿಗೂ ಬದಲಾಗವು. ಎ: ಮೊದಲನೆಯದು ದೊಡ್ಡದು. ಬಿ: ಎರಡನೆಯದು ದೊಡ್ಡದು. ಸಿ: ಎರಡೂ ಸಮ. ಡಿ: ಕೊಟ್ಟ ಮಾಹಿತಿಯಿಂದ ನಿರ್ಧರಿಸಲಾಗದು.

ಒಂದು ಉದಾಹರಣೆ. ಕ್ಷ > 0 ಎಂದು ಕೊಟ್ಟಿದೆ. ಮೊದಲ ಪರಿಮಾಣ ಕ್ಷ + 1/ಕ್ಷ, ಎರಡನೆಯದು 2.

ಕ್ಷ = 3 ಎಂದಿಟ್ಟರೆ ಮೊದಲನೆಯದು ದೊಡ್ಡದು. ಕ್ಷ = 1/2 ಎಂದಿಟ್ಟರೆ ಎರಡೂವರೆ; ಆಗಲೂ ಮೊದಲನೆಯದೇ ದೊಡ್ಡದು. ಪಿಯುಸಿಯಲ್ಲಿ ಗಣಿತ ಓದಿದವರಿಗೆ ಈ ಮೊತ್ತ 2ಕ್ಕಿಂತ ಕಡಿಮೆಯಾಗದು ಎಂಬ ಫಲಿತಾಂಶವೂ ನೆನಪಿಗೆ ಬಂದು, ಆಯ್ಕೆ ಎ ಖಚಿತವೆನ್ನಿಸುತ್ತದೆ. ಆದರೆ ‘ಕಡಿಮೆಯಾಗದು’ ಎಂದರೆ ‘ಹೆಚ್ಚು’ ಎಂದಲ್ಲ. ಕ್ಷ = 1 ಆದಾಗ ಎರಡೂ ಸಮ. ಒಮ್ಮೆ ದೊಡ್ಡದು, ಒಮ್ಮೆ ಸಮ. ಹಾಗಾಗಿ ಉತ್ತರ ಡಿ. ಇಲ್ಲಿ ಗಣಿತ ಗೊತ್ತಿದ್ದವರೇ ಮೊದಲು ಬೀಳುತ್ತಾರೆ ಎಂಬುದು ಗಮನಿಸಬೇಕಾದ ಮಾತು.

ಇಂಥ ಪ್ರಶ್ನೆಗಳಿಗೆ ಅನುಸರಿಸಬೇಕಾದ ಕ್ರಮ ಹೀಗಿದೆ.

1. ಅಕ್ಷರದ ಬೆಲೆ ಏನೇನಾಗಬಹುದು ಎಂಬುದನ್ನು ಮೊದಲು ಒಂದು ಸಾಲಿನಲ್ಲಿ ಬರೆಯಬೇಕು. ಪೂರ್ಣಾಂಕ ಎಂದು ಹೇಳಿದೆಯೇ? ಸೊನ್ನೆಗೆ ಅವಕಾಶವಿದೆಯೇ? ಋಣಸಂಖ್ಯೆಗೆ? ಹೇಳದೇ ಇದ್ದರೆ ಅವಕಾಶವಿದೆ ಎಂದೇ ಅರ್ಥ.

2. ಷರತ್ತಿಗೆ ಹೊಂದುವಷ್ಟರ ಮಟ್ಟಿಗೆ 0, 1, −1, 1/2, −1/2 ಮತ್ತು 10ರಂಥ ಒಂದು ದೊಡ್ಡ ಸಂಖ್ಯೆಯನ್ನು ಇಟ್ಟು ನೋಡಬೇಕು. ಈ ಆರು ಸಂಖ್ಯೆಗಳನ್ನೇ ಆರಿಸಲು ಕಾರಣವಿದೆ. ವರ್ಗ ಮಾಡಿದಾಗ 10 ದೊಡ್ಡದಾಗುತ್ತದೆ, 1/2 ಚಿಕ್ಕದಾಗುತ್ತದೆ, 0 ಮತ್ತು 1 ಹಾಗೇ ಉಳಿಯುತ್ತವೆ, ಋಣಸಂಖ್ಯೆಗಳು ಚಿಹ್ನೆ ಬದಲಿಸುತ್ತವೆ. ಸಂಖ್ಯಾರೇಖೆಯ ಬೇರೆ ಬೇರೆ ನಡವಳಿಕೆಗೆ ಒಂದೊಂದು ಪ್ರತಿನಿಧಿ ಇದ್ದಂತಾಯಿತು.

3. ಎರಡು ಬೆಲೆಗಳು ಎರಡು ಬೇರೆ ಫಲಿತಾಂಶ ಕೊಟ್ಟರೆ ಉತ್ತರ ಡಿ, ಅಲ್ಲಿಗೆ ನಿಲ್ಲಿಸಬಹುದು. ಆದರೆ ಎಲ್ಲ ಬೆಲೆಗಳೂ ಒಂದೇ ಫಲಿತಾಂಶ ಕೊಟ್ಟರೆ ಅದು ಸಾಧನೆಯಲ್ಲ, ಸುಳಿವು ಮಾತ್ರ. ಏಕೆ ಯಾವಾಗಲೂ ಹಾಗೇ ಆಗುತ್ತದೆ ಎಂಬುದಕ್ಕೆ ಬೀಜಗಣಿತದ ಒಂದು ಕಾರಣ ಸಿಗಬೇಕು.

4. ಎರಡೂ ಕಡೆಗೆ ಒಂದೇ ಸಂಖ್ಯೆ ಕೂಡಿಸುವುದು, ಕಳೆಯುವುದು ಯಾವಾಗಲೂ ಸುರಕ್ಷಿತ. ಗುಣಿಸುವುದು, ಭಾಗಿಸುವುದು ಆ ಸಂಖ್ಯೆ ಧನ ಎಂದು ಖಚಿತವಿದ್ದಾಗ ಮಾತ್ರ. ಎರಡೂ ಪರಿಮಾಣಗಳು ಋಣವಲ್ಲ ಎಂದು ಗೊತ್ತಿದ್ದರೆ ಮಾತ್ರ ವರ್ಗ ಮಾಡಬೇಕು.

5. ಎರಡೂ ಪರಿಮಾಣಗಳು ಅಕ್ಷರವೇ ಇಲ್ಲದ ನಿಶ್ಚಿತ ಸಂಖ್ಯೆಗಳಾಗಿದ್ದರೆ ಡಿ ಉತ್ತರವಾಗಲು ಸಾಧ್ಯವಿಲ್ಲ. ಎರಡು ನಿಶ್ಚಿತ ಸಂಖ್ಯೆಗಳ ನಡುವೆ ಯಾವುದು ದೊಡ್ಡದೆಂಬುದು ನಿಶ್ಚಿತವಾಗಿಯೇ ಇರುತ್ತದೆ, ಲೆಕ್ಕ ಎಷ್ಟೇ ತೊಡಕಾಗಿದ್ದರೂ.

ನಾಲ್ಕನೆಯ ಅಂಶಕ್ಕೆ ಉದಾಹರಣೆ: ಕ್ಷ/ಯ > 1 ಎಂದು ಕೊಟ್ಟು, ಕ್ಷ ಮತ್ತು ಯ ಹೋಲಿಸಲು ಹೇಳಿದ್ದಾರೆ. ಎರಡೂ ಕಡೆ ಯದಿಂದ ಗುಣಿಸಿ ಕ್ಷ > ಯ ಎಂದು ಬರೆದರೆ ಮುಗಿಯಿತು ಎನ್ನಿಸುತ್ತದೆ. 3 ಮತ್ತು 2 ಇಟ್ಟರೆ ಹಾಗೇ ಆಗುತ್ತದೆ. −3 ಮತ್ತು −2 ಇಟ್ಟರೆ? ಭಾಗಲಬ್ಧ ಒಂದೂವರೆಯೇ, ಷರತ್ತು ಪಾಲನೆಯಾಯಿತು; ಆದರೆ ಕ್ಷ ಚಿಕ್ಕದು. ಉತ್ತರ ಡಿ.

ಸೊನ್ನೆ ಮತ್ತು ಋಣಸಂಖ್ಯೆಗಳು ಕೊಡುವ ತೊಂದರೆ ಇಂದಿನದಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯರು, ಋಣಸಂಖ್ಯೆ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಜಿಆರ್‌ಇಯಲ್ಲೂ ಎಲ್ಲ ಸಂಖ್ಯೆಗಳು ವಾಸ್ತವ ಸಂಖ್ಯೆಗಳೇ ಎಂಬ ನಿಯಮವಿರುವುದರಿಂದ ಇಲ್ಲಿಯೂ ಅದೇ ಮಾತು ನಿಲ್ಲುತ್ತದೆ. ಅದೇ ಮಹಾವೀರಾಚಾರ್ಯರು ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದೂ ಬರೆದರು. ಅದು ಸರಿಯಲ್ಲ, ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲ. ಅಂಥ ಮೇಧಾವಿಯೂ ತಪ್ಪಿದ ಜಾಗದಲ್ಲಿ ಪರೀಕ್ಷೆಯ ಗಡಿಬಿಡಿಯಲ್ಲಿರುವ ವಿದ್ಯಾರ್ಥಿ ಒಂದು ಕ್ಷಣ ನಿಂತು ಯೋಚಿಸುವುದು ನ್ಯಾಯವೇ.

ಡಿ ಎಂಬ ಆಯ್ಕೆಯ ಅತಿಬಳಕೆ ಇನ್ನೊಂದು ತುದಿಯ ತಪ್ಪು. ನಾಲ್ಕಾರು ಸಲ ಪೆಟ್ಟು ತಿಂದ ಮೇಲೆ ಮಾಹಿತಿ ಕಡಿಮೆ ಎನ್ನಿಸಿದಲ್ಲೆಲ್ಲ ಡಿ ಗುರುತಿಸುವ ಚಾಳಿ ಬೆಳೆಯುತ್ತದೆ. ಒಂದು ತರಗತಿಯಲ್ಲಿ ಹುಡುಗರ ಸರಾಸರಿ ಅಂಕ 70, ಹುಡುಗಿಯರ ಸರಾಸರಿ 80, ಇಡೀ ತರಗತಿಯ ಸರಾಸರಿ 76. ಹುಡುಗರ ಸಂಖ್ಯೆಯನ್ನೂ ಹುಡುಗಿಯರ ಸಂಖ್ಯೆಯನ್ನೂ ಹೋಲಿಸಬೇಕು. ಒಟ್ಟು ಎಷ್ಟು ಮಂದಿ ಎಂದು ಎಲ್ಲಿಯೂ ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ. 76 ಎಂಬುದು 70ಕ್ಕಿಂತ 6 ದೂರ, 80ಕ್ಕಿಂತ 4 ದೂರ. ಸರಾಸರಿ ಹೆಚ್ಚು ಮಂದಿ ಇರುವ ಕಡೆಗೆ ವಾಲುತ್ತದೆ. ಹುಡುಗರು ಮತ್ತು ಹುಡುಗಿಯರ ಪ್ರಮಾಣ 4:6, ಅಂದರೆ 2:3. ಹುಡುಗಿಯರೇ ಹೆಚ್ಚು, ಉತ್ತರ ನಿಶ್ಚಿತ. ಇದೇ ಮಾಹಿತಿ ಕೊಟ್ಟು ‘ಹುಡುಗಿಯರು ಹುಡುಗರಿಗಿಂತ ಎಷ್ಟು ಹೆಚ್ಚು’ ಎಂಬುದನ್ನು 5ರ ಜೊತೆ ಹೋಲಿಸಲು ಹೇಳಿದ್ದರೆ ಮಾತ್ರ ಉತ್ತರ ಡಿ ಆಗುತ್ತಿತ್ತು. ಪ್ರಮಾಣ ಗೊತ್ತಿರುವುದು ಬೇರೆ, ಎಣಿಕೆ ಗೊತ್ತಿರುವುದು ಬೇರೆ.

ಲೆಕ್ಕವನ್ನು ಬದಲಿಸಿ ನೋಡುವುದು

ಒಂದು ಲೆಕ್ಕವನ್ನು ಬಿಡಿಸಿದ ಮೇಲೆ ಅದರ ಒಂದು ಸಂಖ್ಯೆಯನ್ನೋ ಷರತ್ತನ್ನೋ ಬದಲಿಸಿ ಮತ್ತೆ ಕೇಳಿಕೊಳ್ಳುವುದು ಎಲ್ಲ ಅಭ್ಯಾಸಗಳಲ್ಲಿ ಹೆಚ್ಚು ಫಲ ಕೊಡುವಂಥದು. ಹಾಗೆ ಮಾಡಿದಾಗ ಲೆಕ್ಕದ ಯಾವ ಭಾಗ ನಿಜಕ್ಕೂ ಕೆಲಸ ಮಾಡುತ್ತಿದೆ ಎಂಬುದು ತಿಳಿಯುತ್ತದೆ. ರೇಖಾಗಣಿತದಿಂದ ಒಂದು ನಿದರ್ಶನ.

ತ್ರಿಭುಜವೊಂದರ ಎರಡು ಬಾಹುಗಳು 5 ಮತ್ತು 8. ಅದರ ವಿಸ್ತೀರ್ಣವನ್ನು 20ರ ಜೊತೆ ಹೋಲಿಸಬೇಕು. ಜೊತೆಯ ಚಿತ್ರದಲ್ಲಿ ಆ ಎರಡು ಬಾಹುಗಳ ನಡುವೆ ಲಂಬಕೋನ ಇದ್ದಂತೆ ಕಾಣುತ್ತದೆ. ಜಿಆರ್‌ಇಯ ನಿಯಮದಂತೆ ರೇಖಾಗಣಿತದ ಚಿತ್ರಗಳು ಅಳತೆಗೆ ತಕ್ಕಂತೆ ಇರಬೇಕಾಗಿಲ್ಲ. (ಸಂಖ್ಯಾರೇಖೆ, ನಿರ್ದೇಶಾಂಕ ಸಮತಲ, ಸ್ತಂಭಾಲೇಖದಂಥ ನಕ್ಷೆಗಳು ಮಾತ್ರ ಅಳತೆಗೆ ತಕ್ಕಂತೆ ಇರುತ್ತವೆ.) ಲಂಬಕೋನವಿದ್ದರೆ ವಿಸ್ತೀರ್ಣ ಸರಿಯಾಗಿ 20. ಕೋನ ಕಿರಿದಾದರೂ ಹಿರಿದಾದರೂ ಎತ್ತರ ತಗ್ಗುವುದರಿಂದ 20ಕ್ಕಿಂತ ಕಡಿಮೆ. ಸಮ ಆಗಬಹುದು, ಕಡಿಮೆಯೂ ಆಗಬಹುದು, ಉತ್ತರ ಡಿ.

ಇನ್ನು ಬದಲಾವಣೆ. 20ರ ಬದಲು 21 ಇದ್ದರೆ? ವಿಸ್ತೀರ್ಣ 20ನ್ನು ಮೀರುವಂತಿಲ್ಲ. ಉತ್ತರ ಬಿ, ಯಾವ ಅನುಮಾನವೂ ಇಲ್ಲ. 12 ಇದ್ದರೆ? ವಿಸ್ತೀರ್ಣ 12ಕ್ಕಿಂತ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ಮತ್ತೆ ಡಿ, ಆದರೆ ಕಾರಣ ಬೇರೆ. 20ನ್ನೇ ಉಳಿಸಿಕೊಂಡು, ಮೂರನೆಯ ಬಾಹು 10 ಎಂಬ ಷರತ್ತು ಸೇರಿಸಿದರೆ? 25 ಮತ್ತು 64 ಕೂಡಿದರೆ 89, ಅದು 100 ಅಲ್ಲ. ಹಾಗಾಗಿ 5 ಮತ್ತು 8ರ ನಡುವೆ ಲಂಬಕೋನವಿಲ್ಲ, ವಿಸ್ತೀರ್ಣ 20ಕ್ಕಿಂತ ಕಡಿಮೆಯೇ, ಉತ್ತರ ಬಿ. ವಿಸ್ತೀರ್ಣ ಎಷ್ಟೆಂದು ಕಂಡುಹಿಡಿಯುವ ಅಗತ್ಯವೇ ಬರಲಿಲ್ಲ. ಒಂದು ಲೆಕ್ಕದಿಂದ ನಾಲ್ಕು ಲೆಕ್ಕಗಳಾದವು, ನಾಲ್ಕೂ ಒಂದೇ ತಿಳಿವಳಿಕೆಯನ್ನು ಬೇರೆ ಬೇರೆ ದಿಕ್ಕಿನಿಂದ ಗಟ್ಟಿಮಾಡಿದವು. ಹೊಸ ಪುಸ್ತಕದ ನಾಲ್ಕು ಬಿಡಿ ಲೆಕ್ಕಗಳಿಂದ ಇಷ್ಟು ಪ್ರಯೋಜನವಾಗದು.

ಎಲ್ಲ ಸರಿ ಉತ್ತರಗಳನ್ನೂ ಗುರುತಿಸಬೇಕಾದ ಪ್ರಶ್ನೆಗಳು

ಕೆಲವು ಪ್ರಶ್ನೆಗಳಲ್ಲಿ ಒಂದಕ್ಕಿಂತ ಹೆಚ್ಚು ಆಯ್ಕೆ ಸರಿಯಿರಬಹುದು. ಎಲ್ಲವನ್ನೂ ಗುರುತಿಸಿದರೆ ಮಾತ್ರ ಅಂಕ. ಅರ್ಧ ಸರಿಗೆ ಅರ್ಧ ಅಂಕವಿಲ್ಲ. ಇಲ್ಲಿ ಬಹುಮಂದಿ ಮಾಡುವುದು, ಷರತ್ತಿಗೆ ಹೊಂದುವ ಮೊದಲ ಸಂಖ್ಯೆ ಸಿಕ್ಕಿದ ಕೂಡಲೇ ನಿಲ್ಲಿಸುವುದು.

ಒಂದು ಧನ ಪೂರ್ಣಾಂಕವನ್ನು 6ರಿಂದ ಭಾಗಿಸಿದರೆ ಶೇಷ 4, 8ರಿಂದ ಭಾಗಿಸಿದರೆ ಶೇಷ 2. ಅದನ್ನು 16ರಿಂದ ಭಾಗಿಸಿದಾಗ ಶೇಷ ಯಾವುದಾಗಬಹುದು? ಆಯ್ಕೆಗಳು: 2, 4, 6, 10, 14. ಮೊದಲ ಷರತ್ತಿಗೆ 4, 10, 16, 22, 28, 34 ಹೊಂದುತ್ತವೆ. ಎರಡನೆಯದಕ್ಕೆ 2, 10, 18, 26, 34. ಎರಡಕ್ಕೂ ಹೊಂದುವ ಮೊದಲ ಸಂಖ್ಯೆ 10. 16ರಿಂದ ಭಾಗಿಸಿದರೆ ಶೇಷ 10. ಇಲ್ಲಿಗೆ ನಿಂತವರು ತಪ್ಪಿದಂತೆ. ಮುಂದಿನದು 34, ಶೇಷ 2. ಅದರ ಮುಂದಿನದು 58, ಶೇಷ 10. ಆಮೇಲೆ 82, ಶೇಷ 2. 6 ಮತ್ತು 8ರ ಲಸಾಅ 24 ಆದ್ದರಿಂದ ಸಂಖ್ಯೆಗಳು 24ರ ಅಂತರದಲ್ಲಿ ಬರುತ್ತವೆ. ಎರಡು ಹೆಜ್ಜೆಗೆ 48, ಅದು 16ರ ಅಪವರ್ತ್ಯ. ಹಾಗಾಗಿ ಶೇಷಗಳು 10, 2 ಎಂದು ಸರದಿಯಲ್ಲೇ ಬರುತ್ತಿರುತ್ತವೆ. 2 ಮತ್ತು 10, ಎರಡನ್ನೂ ಗುರುತಿಸಬೇಕು. ಪಟ್ಟಿ ಬರೆಯುವುದು ಸರಿ, ಆದರೆ ಪಟ್ಟಿ ಎಲ್ಲಿಂದ ಪುನರಾವರ್ತನೆಯಾಗುತ್ತದೆ ಎಂದು ತಿಳಿಯುವವರೆಗೂ ಬರೆಯಬೇಕು.

ಎಣಿಕೆಯ ಲೆಕ್ಕಗಳು: ಎರಡು ದಾರಿಯಿಂದ ಬಿಡಿಸುವುದು

ಕ್ರಮಯೋಜನೆ, ವಿಕಲ್ಪ, ಸಂಭವನೀಯತೆಗಳಲ್ಲಿ ತಪ್ಪು ಉತ್ತರವೂ ಸರಿ ಉತ್ತರದಷ್ಟೇ ನಂಬುವಂತೆ ಕಾಣುತ್ತದೆ. ಅಭ್ಯಾಸದ ಹಂತದಲ್ಲಿ ಇಂಥ ಪ್ರತಿ ಲೆಕ್ಕವನ್ನೂ ಎರಡು ಸ್ವತಂತ್ರ ದಾರಿಗಳಿಂದ ಬಿಡಿಸಿ ತಾಳೆ ನೋಡುವುದೊಂದೇ ಭದ್ರವಾದ ಉಪಾಯ.

ಸರಿಯಾಗಿ ಎರಡು ಅಂಕಿಗಳು ಒಂದೇ ಆಗಿರುವ ಮೂರಂಕಿಯ ಸಂಖ್ಯೆಗಳು ಎಷ್ಟು? ಗಡಿಬಿಡಿಯ ಉತ್ತರ 270: ಪುನರಾವರ್ತನೆಯಾಗುವ ಅಂಕಿಗೆ 10 ಆಯ್ಕೆ, ಬೇರೆ ಅಂಕಿಗೆ 9, ಅದು ಕೂರುವ ಸ್ಥಾನಕ್ಕೆ 3. ಈ ಎಣಿಕೆಯಲ್ಲಿ 007, 050, 033ರಂಥವೂ ಸೇರಿಕೊಂಡಿವೆ. ಅವು ಮೂರಂಕಿಯ ಸಂಖ್ಯೆಗಳೇ ಅಲ್ಲ. ಅಂಥವು ಒಂಬತ್ತೊಂಬತ್ತರಂತೆ ಮೂರು ಬಗೆ, ಒಟ್ಟು 27. ಕಳೆದರೆ 243.

ಎರಡನೆಯ ದಾರಿ: ಮೂರಂಕಿಯ ಸಂಖ್ಯೆಗಳು ಒಟ್ಟು 900. ಮೂರೂ ಅಂಕಿ ಬೇರೆಯಾಗಿರುವವು 9 × 9 × 8 = 648. ಮೂರೂ ಒಂದೇ ಆಗಿರುವವು 9. ಉಳಿದದ್ದು 243. ಎರಡೂ ತಾಳೆಯಾದವು. ಪರೀಕ್ಷೆಯ ಕೊಠಡಿಯಲ್ಲಿ ಎರಡು ದಾರಿ ನಡೆಯಲು ಸಮಯವಿರುವುದಿಲ್ಲ, ನಿಜ. ಆದರೆ ಮನೆಯಲ್ಲಿ ಎರಡನ್ನೂ ನಡೆದವರಿಗೆ ‘ಒಟ್ಟಿನಿಂದ ಬೇಡದ್ದನ್ನು ಕಳೆಯುವ’ ದಾರಿ ಯಾವಾಗ ಹತ್ತಿರ ಎಂಬುದು ಅಲ್ಲಿ ಬೇಗ ಹೊಳೆಯುತ್ತದೆ. ‘ಕನಿಷ್ಠ ಒಂದು’ ಎಂಬ ಮಾತಿರುವ ಸಂಭವನೀಯತೆಯ ಲೆಕ್ಕಗಳಲ್ಲಿ ಹೆಚ್ಚಾಗಿ ಅದೇ ದಾರಿ.

ನಕ್ಷೆ, ಕೋಷ್ಟಕಗಳ ಪ್ರಶ್ನೆಗಳು ಹೆಚ್ಚು ವಿವರಣೆ ಬೇಡುವುದಿಲ್ಲ. ಶೀರ್ಷಿಕೆ, ಮಾನ, ಅಡಿಟಿಪ್ಪಣಿಗಳನ್ನು ಮೊದಲು ಓದಿ, ಆಮೇಲೆ ಸಂಖ್ಯೆಗಳಿಗೆ ಹೋಗಬೇಕು. ಪಾಲು ಶೇ. 20ರಿಂದ ಶೇ. 25ಕ್ಕೆ ಏರಿದರೆ ಅದು 5 ಶೇಕಡಾ ಅಂಶಗಳ ಏರಿಕೆ, ಆದರೆ ಹಿಂದಿನ ಪಾಲಿನ ಶೇ. 25ರಷ್ಟು ಏರಿಕೆ. ಪ್ರಶ್ನೆ ಯಾವುದನ್ನು ಕೇಳಿದೆ ಎಂದು ನೋಡಿಕೊಂಡರೆ ಅರ್ಧ ಕೆಲಸ ಆದಂತೆ.

ಅಭ್ಯಾಸದ ಕ್ರಮ

1. ಮೊದಲ ಕೆಲವು ವಾರ ಗಡಿಯಾರ ಬೇಡ. ಅವಸರದಲ್ಲಿ ಮನಸ್ಸು ಹಳೆಯ ಜಾಡನ್ನೇ ಹಿಡಿಯುತ್ತದೆ. ಬದಲಿಸಬೇಕಾಗಿರುವುದು ಆ ಜಾಡನ್ನೇ. ದಿನಕ್ಕೆ ಎಂಟೋ ಹತ್ತೋ ಕಠಿಣ ಲೆಕ್ಕ ಸಾಕು.

2. ದಾರಿ ಕಾಣದ ಲೆಕ್ಕದೊಡನೆ ಹತ್ತು–ಹದಿನೈದು ನಿಮಿಷವಾದರೂ ಕೂರಬೇಕು. ಸಣ್ಣ ಸಂಖ್ಯೆ ಇಟ್ಟು ನೋಡುವುದು, ಚಿತ್ರ ಬರೆಯುವುದು, ಉತ್ತರದಿಂದ ಹಿಂದಕ್ಕೆ ಬರುವುದು – ಮೂರನ್ನೂ ಪ್ರಯತ್ನಿಸಿದ ಮೇಲೆಯೇ ವಿವರಣೆ ತೆರೆಯಬೇಕು. ತೆರೆದಾಗಲೂ ಮೊದಲ ಸಾಲು ಮಾತ್ರ ಓದಿ, ಪುಸ್ತಕ ಮುಚ್ಚಿ, ಮುಂದಿನದನ್ನು ಸ್ವಂತವಾಗಿ ಬರೆಯಬೇಕು.

3. ವಿಡಿಯೊದಲ್ಲಿ ಬೇರೆಯವರು ಬಿಡಿಸುವುದನ್ನು ನೋಡಿದಾಗ ಎಲ್ಲ ಅರ್ಥವಾದಂತೆ ಅನ್ನಿಸುತ್ತದೆ. ಆ ಭಾವನೆಯನ್ನು ನಂಬಬಾರದು. ನೋಡಿ ಮುಗಿದ ಮೇಲೆ ಖಾಲಿ ಹಾಳೆಯಲ್ಲಿ ಅದೇ ಲೆಕ್ಕ ಪೂರ್ತಿಯಾಗಿ ಬಂದರೆ ಮಾತ್ರ ಕಲಿತಂತೆ.

4. ಅಧ್ಯಾಯವಾರು ಅಭ್ಯಾಸ ಒಂದು ಸುತ್ತು ಮುಗಿದ ಕೂಡಲೇ ಲೆಕ್ಕಗಳನ್ನು ಬೆರೆಸಬೇಕು. ಅಮೆರಿಕದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆರೆಸಿದ ಲೆಕ್ಕಗಳನ್ನು ಬಿಡಿಸಿದವರು ಅಭ್ಯಾಸದ ವೇಳೆ ಹೆಚ್ಚು ತಪ್ಪಿದರೂ ಒಂದು ವಾರದ ನಂತರದ ಪರೀಕ್ಷೆಯಲ್ಲಿ ಬಹಳ ಮುಂದಿದ್ದರು. ಕಾರಣ ಸರಳ. ‘ಶೇಕಡಾವಾರು’ ಎಂಬ ಅಧ್ಯಾಯದ ಅಡಿಯಲ್ಲಿರುವ ಲೆಕ್ಕಕ್ಕೆ ಯಾವ ವಿಧಾನ ಬೇಕೆಂದು ಶೀರ್ಷಿಕೆಯೇ ಹೇಳಿಬಿಡುತ್ತದೆ. ಪರೀಕ್ಷೆಯಲ್ಲಿ ಶೀರ್ಷಿಕೆ ಇರುವುದಿಲ್ಲ.

5. ತಪ್ಪಿದ ಲೆಕ್ಕವನ್ನು ಮಾರನೆಯ ದಿನ, ಒಂದು ವಾರದ ಮೇಲೆ, ಮೂರು ವಾರದ ಮೇಲೆ ಮತ್ತೆ ಬಿಡಿಸಬೇಕು. ಉತ್ತರ ನೆನಪಿದ್ದರೆ ತೊಂದರೆಯಿಲ್ಲ. ಕಾರಣ ಬರೆಯಲು ಬರುತ್ತದೆಯೇ ಎಂಬುದೇ ಮುಖ್ಯ.

6. ಕೊನೆಯ ಮೂರು–ನಾಲ್ಕು ವಾರ ಗಡಿಯಾರ ಇಟ್ಟು, 21 ನಿಮಿಷಕ್ಕೆ 12 ಮತ್ತು 26 ನಿಮಿಷಕ್ಕೆ 15ರ ಕಟ್ಟುಗಳಲ್ಲಿ ಬಿಡಿಸಬೇಕು. ಅರ್ಧ ನಿಮಿಷದಲ್ಲಿ ದಾರಿ ಕಾಣದ ಪ್ರಶ್ನೆಯನ್ನು ‘ಮಾರ್ಕ್’ ಗುಂಡಿಯೊತ್ತಿ ಬಿಟ್ಟು, ಆಮೇಲೆ ‘ರಿವ್ಯೂ’ ಪರದೆಯಿಂದ ಹಿಂದಿರುಗುವುದನ್ನು ಈ ಹಂತದಲ್ಲೇ ರೂಢಿಸಿಕೊಳ್ಳಬೇಕು. ಅದೇ ಭಾಗದೊಳಗೆ ಎಷ್ಟು ಸಲ ಬೇಕಾದರೂ ಹಿಂದಿರುಗಬಹುದು.

ತಪ್ಪುಗಳ ಪುಸ್ತಕ

ಇಡೀ ಅಭ್ಯಾಸದ ಜೀವಾಳ ಒಂದು ನೂರು ಪುಟದ ನೋಟ್‌ಬುಕ್. ಅದರಲ್ಲಿ ಪ್ರತಿ ತಪ್ಪಿಗೂ ಮೂರು ವಿಷಯ ಬರೆಯಬೇಕು: ಲೆಕ್ಕ ಏನು, ಕೊಡದೇ ಇದ್ದ ಯಾವುದನ್ನು ಸೇರಿಸಿಕೊಂಡದ್ದಾಯಿತು, ಪ್ರಶ್ನೆಯ ಯಾವ ಪದ ಅಥವಾ ಯಾವ ಪದದ ಗೈರುಹಾಜರಿ ಎಚ್ಚರಿಸಬೇಕಿತ್ತು. ‘ಅಜಾಗರೂಕತೆ’, ‘ಸಿಲ್ಲಿ ಮಿಸ್ಟೇಕ್’ ಎಂದು ಬರೆದು ಮುಗಿಸಬಾರದು. ಅವು ಕಾರಣವನ್ನು ಮುಚ್ಚಿಡುವ ಪದಗಳು. ‘ಯ ಧನಸಂಖ್ಯೆ ಎಂದು ಭಾವಿಸಿ ಗುಣಿಸಿದ್ದು’, ‘ಮೊದಲ ಅಂಕಿ ಸೊನ್ನೆಯಾಗಬಾರದೆಂಬುದನ್ನು ಮರೆತದ್ದು’, ‘ಕಡಿಮೆಯಲ್ಲ ಎಂಬುದನ್ನು ಹೆಚ್ಚು ಎಂದು ಓದಿದ್ದು’ – ಬರಹ ಇಷ್ಟು ನಿರ್ದಿಷ್ಟವಾಗಿರಬೇಕು. ಲೆಕ್ಕ ಸರಿಯಾಗಿದ್ದರೂ ಊಹೆಯಿಂದ ಸರಿಯಾದದ್ದಾಗಿದ್ದರೆ ಅದೂ ಈ ಪುಸ್ತಕಕ್ಕೆ ಸೇರಬೇಕು. ಮೂವತ್ತು–ನಲವತ್ತು ನಮೂದುಗಳಾಗುವ ಹೊತ್ತಿಗೆ ಅದೇ ನಾಲ್ಕೈದು ತಪ್ಪುಗಳು ಬೇರೆ ಬೇರೆ ವೇಷದಲ್ಲಿ ಮರಳುತ್ತಿರುವುದು ಕಾಣತೊಡಗುತ್ತದೆ. ಯಾವ ಕೋಚಿಂಗ್ ಸಂಸ್ಥೆಯ ‘ಟ್ರಿಕ್ಸ್’ ಪಟ್ಟಿಗಿಂತಲೂ ಆ ನಾಲ್ಕೈದು ಸಾಲುಗಳು ಬೆಲೆಬಾಳುತ್ತವೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಇದೇ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಇಂಟಿಜರ್, ಡಿಸ್ಟಿಂಕ್ಟ್, ಕಾನ್ಸಿಕ್ಯುಟಿವ್, ಅಟ್ ಮೋಸ್ಟ್, ಇನ್‌ಕ್ಲೂಸಿವ್‌ನಂಥ ಪದಗಳನ್ನು ಒಂದೊಂದು ಉದಾಹರಣೆಯ ಜೊತೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಗಣಿತ ಚೆನ್ನಾಗಿ ಬಲ್ಲ ಎಷ್ಟೋ ಮಂದಿ ಕಳೆದುಕೊಳ್ಳುವ ಅಂಕಗಳು ಈ ಹತ್ತಿಪ್ಪತ್ತು ಪದಗಳಲ್ಲೇ ಇರುತ್ತವೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕ್ಷ² = 9 ಎಂದಾಗ ಕ್ಷ = 3 ಎಂದು ಮಾತ್ರ ಬರೆದು −3 ಬಿಡುವುದು. ಆದರೆ √9 ಎಂಬ ಚಿಹ್ನೆಗೆ ಬೆಲೆ 3 ಮಾತ್ರ. ಅಲ್ಲಿ −3 ಸೇರಿಸುವುದೂ ತಪ್ಪೇ.

1ನ್ನು ಅವಿಭಾಜ್ಯ ಸಂಖ್ಯೆ ಎಂದು ಎಣಿಸುವುದು, 2 ಅವಿಭಾಜ್ಯ ಎಂಬುದನ್ನು ಮರೆಯುವುದು. ಸೊನ್ನೆ ಸಮಸಂಖ್ಯೆ ಎಂಬುದೂ ಹಲವರಿಗೆ ಸಮಯಕ್ಕೆ ನೆನಪಾಗುವುದಿಲ್ಲ.

ಶೇ. 10 ಏರಿಸಿ ಶೇ. 10 ಇಳಿಸಿದರೆ ಮೊದಲಿನ ಬೆಲೆಯೇ ಬರುತ್ತದೆ ಎಂದುಕೊಳ್ಳುವುದು. 100 ಎಂಬುದು 110 ಆಗಿ, ನಂತರ 99 ಆಗುತ್ತದೆ.

ಹೋಗುವಾಗ ಗಂಟೆಗೆ 40 ಕಿ.ಮೀ., ಅದೇ ದಾರಿಯಲ್ಲಿ ಬರುವಾಗ 60 ಕಿ.ಮೀ. ವೇಗವಿದ್ದರೆ ಸರಾಸರಿ 50 ಎನ್ನುವುದು. ನಿಧಾನದ ಪ್ರಯಾಣಕ್ಕೆ ಹೆಚ್ಚು ಸಮಯ ಹಿಡಿದದ್ದರಿಂದ ಸರಾಸರಿ ವೇಗ 48.

ಪಟ್ಟಿಯ ಪ್ರತಿ ಸಂಖ್ಯೆಗೂ 100 ಕೂಡಿಸಿದರೆ ಮಾನಕ ವಿಚಲನೆಯೂ ಹೆಚ್ಚುತ್ತದೆ ಎಂದುಕೊಳ್ಳುವುದು. ಸಂಖ್ಯೆಗಳ ನಡುವಿನ ಅಂತರ ಬದಲಾಗದಿರುವುದರಿಂದ ಅದೂ ಬದಲಾಗದು.

ಕ್ಷ ಎಷ್ಟು ಎಂದು ಕಂಡುಹಿಡಿದು, ಪ್ರಶ್ನೆ ಕೇಳಿದ್ದು 2ಕ್ಷ + 1 ಎಂಬುದನ್ನು ಮರೆತು ಕ್ಷ ಬೆಲೆಯನ್ನೇ ಗುರುತಿಸುವುದು. ಆ ತಪ್ಪು ಉತ್ತರ ಆಯ್ಕೆಗಳ ನಡುವೆ ಸಾಮಾನ್ಯವಾಗಿ ಕಾದುಕೊಂಡೇ ಇರುತ್ತದೆ.

ಎಚ್ಚರಿಕೆಗಳು

ಪರದೆಯ ಮೇಲೆ ಸಿಗುವ ಕ್ಯಾಲ್ಕ್ಯುಲೇಟರ್ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ, ವರ್ಗಮೂಲ ತೆಗೆಯುವ ಕೆಲಸಕ್ಕಷ್ಟೇ. ಎಂಟು ಅಂಕಿಗಿಂತ ದೊಡ್ಡ ಸಂಖ್ಯೆ ಬಂದರೆ ಅದು ‘ಎರರ್’ ತೋರಿಸುತ್ತದೆ. 2ರ 30ನೆಯ ಘಾತ ಮತ್ತು 10ರ 9ನೆಯ ಘಾತವನ್ನು ಹೋಲಿಸಬೇಕಾದಾಗ ಅದರ ಕಡೆಗೆ ಕೈ ಹೋದರೆ ಸಮಯ ವ್ಯರ್ಥ. 2ರ 10ನೆಯ ಘಾತ 1024, ಅದು 1000ಕ್ಕಿಂತ ಹೆಚ್ಚು. ಎರಡನ್ನೂ ಮೂರು ಸಲ ಗುಣಿಸಿಕೊಂಡರೆ ಮೊದಲನೆಯದೇ ದೊಡ್ಡದು ಎಂದು ಬಾಯಲ್ಲೇ ಹೇಳಬಹುದು. ಕ್ಯಾಲ್ಕ್ಯುಲೇಟರ್ ಇಲ್ಲದೆ ದಾರಿಯೇ ಇಲ್ಲ ಎನ್ನಿಸಿದರೆ ಬಹುಶಃ ಹತ್ತಿರದ ದಾರಿ ಕಣ್ಣಿಗೆ ಬಿದ್ದಿಲ್ಲ.

ಉತ್ತರವನ್ನು ಟೈಪ್ ಮಾಡಬೇಕಾದ ಪ್ರಶ್ನೆಗಳಲ್ಲಿ ಭಿನ್ನರಾಶಿಯನ್ನು ಸಂಕ್ಷೇಪಿಸಬೇಕಾಗಿಲ್ಲ. 6/8 ಎಂದರೂ 3/4 ಎಂದರೂ ಸರಿಯೇ. ಆದರೆ ಇಂತಿಷ್ಟು ದಶಮಾಂಶಕ್ಕೆ ಎಂದು ಹೇಳಿದ್ದರೆ ಮಧ್ಯದ ಹಂತಗಳಲ್ಲಿ ಸಂಖ್ಯೆಯನ್ನು ಮೊಟಕುಗೊಳಿಸದೆ, ಕೊನೆಯಲ್ಲಿ ಮಾತ್ರ ಅಂದಾಜಿಸಬೇಕು.

ಸಾಮಗ್ರಿಯ ವಿಷಯದಲ್ಲಿ ಜಿಪುಣತನವೇ ಲೇಸು. ಇಟಿಎಸ್‌ನ ಗಣಿತ ಪುನರಾವಲೋಕನ ಪುಸ್ತಿಕೆ ಮತ್ತು ಎರಡು ‘ಪವರ್‌ಪ್ರೆಪ್’ ಮಾದರಿ ಪರೀಕ್ಷೆಗಳು ಉಚಿತ. ಅದರ ಅಧಿಕೃತ ಗೈಡ್ ಕೊಳ್ಳಬೇಕಾಗುತ್ತದೆ. ಇವುಗಳ ಜೊತೆಗೆ ಕಠಿಣ ಲೆಕ್ಕಗಳ ಒಂದೇ ಒಂದು ಖಾಸಗಿ ಪುಸ್ತಕ ಸಾಕು. ಖಾಸಗಿ ಪುಸ್ತಕಗಳ ಕೆಲವು ‘ಅತಿ ಕಠಿಣ’ ಲೆಕ್ಕಗಳು ಉದ್ದನೆಯ ಗುಣಾಕಾರದಿಂದ ಕಠಿಣವಾದವು. ಅಂಥವನ್ನು ನಿಸ್ಸಂಕೋಚವಾಗಿ ಬಿಡಬಹುದು. ಎರಡು ಉಚಿತ ಮಾದರಿ ಪರೀಕ್ಷೆಗಳಲ್ಲಿ ಒಂದನ್ನು ಅಭ್ಯಾಸದ ಆರಂಭದಲ್ಲಿ, ಇನ್ನೊಂದನ್ನು ಪರೀಕ್ಷೆಗೆ ಸುಮಾರು ಹತ್ತು ದಿನವಿರುವಾಗ, ನಡುವೆ ಏಳದೆ ಪೂರ್ತಿಯಾಗಿ ಬರೆಯಬೇಕು. ಈಗಿನ ಮಾದರಿಯಲ್ಲಿ ನಿಗದಿತ ವಿರಾಮವಿಲ್ಲ.

ಮನೆಯಿಂದಲೇ ಪರೀಕ್ಷೆ ಬರೆಯುವವರಿಗೆ ಸಾಮಾನ್ಯ ಹಾಳೆ ಬಳಸಲು ಅನುಮತಿಯಿಲ್ಲ. ಅಳಿಸಬಹುದಾದ ಒಂದು ಚಿಕ್ಕ ವೈಟ್‌ಬೋರ್ಡ್, ಅಥವಾ ಪಾರದರ್ಶಕ ಹೊದಿಕೆಯೊಳಗಿನ ಒಂದು ಹಾಳೆ ಮತ್ತು ಮಾರ್ಕರ್ ಮಾತ್ರ. ಮಾರ್ಕರ್‌ನಲ್ಲಿ ಬರೆದಾಗ ಅಕ್ಷರ ದೊಡ್ಡದಾಗಿ ಜಾಗ ಬೇಗ ಮುಗಿಯುತ್ತದೆ, ಅಳಿಸಿದರೆ ಹಿಂದಿನ ಹಂತ ಕಾಣೆಯಾಗುತ್ತದೆ. ಕೊನೆಯ ಎರಡು ವಾರದ ಅಭ್ಯಾಸವೆಲ್ಲ ಅದರ ಮೇಲೆಯೇ ನಡೆಯಬೇಕು. ಕೇಂದ್ರಕ್ಕೆ ಹೋಗಿ ಬರೆಯುವವರಿಗೆ ಅಲ್ಲಿಯೇ ಹಾಳೆ ಕೊಡುತ್ತಾರೆ.

ಮೊದಲ ಯತ್ನದಲ್ಲಿ ಬೇಕಾದ ಅಂಕ ಬಾರದಿದ್ದರೆ 21 ದಿನಗಳ ಅಂತರದ ಮೇಲೆ ಮತ್ತೆ ಬರೆಯಬಹುದು. ಹನ್ನೆರಡು ತಿಂಗಳ ಅವಧಿಯಲ್ಲಿ ಐದು ಸಲದವರೆಗೆ ಅವಕಾಶವಿದೆ, ಅಂಕಗಳು ಐದು ವರ್ಷ ಚಾಲ್ತಿಯಲ್ಲಿರುತ್ತವೆ. ಎರಡನೆಯ ಯತ್ನಕ್ಕೆ ಹೊಸ ಪುಸ್ತಕ ಕೊಳ್ಳುವ ಮೊದಲು ತಪ್ಪುಗಳ ಪುಸ್ತಕದ ಎಲ್ಲ ಲೆಕ್ಕಗಳನ್ನೂ ಮೊದಲಿನಿಂದ, ಉತ್ತರ ಮುಚ್ಚಿಟ್ಟು, ಕಾರಣ ಸಹಿತ ಒಮ್ಮೆ ಬಿಡಿಸಬೇಕು. ಅವುಗಳಲ್ಲಿ ಮತ್ತೆ ತಪ್ಪಿದವನ್ನು ಬೇರೆ ಹಾಳೆಗೆ ಇಳಿಸಿಕೊಂಡು ಅಭ್ಯಾಸವನ್ನು ಅಲ್ಲಿಂದ ಶುರುಮಾಡಬೇಕು.